ನಿಘಂಟು ತೆರೆದಿರಲಿ, ಯೂಟ್ಯೂಬ್ ಮುಚ್ಚಿರಲಿ

ಮನೆಯಲ್ಲೇ ಕುಳಿತು ಅನುವಾದ ಮಾಡುವವಳು ನಾನು. ಅಂತರ್ಜಾಲದ ಕನ್ನಡ-ಇಂಗ್ಲಿಷ್ ನಿಘಂಟು ಅಲರ್ ದಿನವಿಡೀ ತೆರೆದಿರಬೇಕು. ಹಾಗಾಗಿ "ಇಂಟರ್ನೆಟ್ ಬಂದ್ ಮಾಡಿ ಕೆಲಸಕ್ಕೆ ಕೂಡಿ" ಎಂಬ ಉಪದೇಶ ನನ್ನ ಉಪಯೋಗಕ್ಕೆ ಬಾರದು. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಕಾವಲುಗಾರ ಬೇಕು. ಲೀಚ್‌ಬ್ಲಾಕ್ ಅಂಥದ್ದು. ಫೈರ್‌ಫಾಕ್ಸ್, ಕ್ರೋಮ್ ಎರಡಕ್ಕೂ ಉಚಿತವಾಗಿ ಸಿಗುವ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ.

ಅದರ ಆಯ್ಕೆಗಳ ಪುಟ ಕಂಡರೆ ಮೊದಲಿಗೆ ತಲೆ ತಿರುಗುತ್ತದೆ. ನೂರರಲ್ಲಿ ತೊಂಬತ್ತು ಪಾಲನ್ನು ಮುಟ್ಟಬೇಕಾಗಿಲ್ಲ. ಮೊದಲ ತಡೆ ಗುಂಪಿನಲ್ಲಿ (Block Set 1) ತಡೆಯಬೇಕಾದ ತಾಣಗಳನ್ನು ಸಾಲಿಗೊಂದರಂತೆ ಬರೆಯಿರಿ. ಯಾವುದನ್ನು ಬಿಡಬೇಕೋ ಅದರ ವಿಳಾಸದ ಆರಂಭದಲ್ಲಿ ಕೂಡಿಸುವ ಚಿಹ್ನೆ (+) ಹಾಕಿ. ನಾನು ಸುದ್ದಿ ತಾಣವೊಂದನ್ನು ತಡೆದು, ಅದರ ಸಂಪಾದಕೀಯದ ಪುಟವನ್ನಷ್ಟೇ ಹೀಗೆ ಉಳಿಸಿಕೊಂಡಿದ್ದೇನೆ. ತಡೆಯ ವೇಳೆಯನ್ನು 0900-1300,1430-1800 (ಬೆಳಗ್ಗೆ 9ರಿಂದ 1, ಮಧ್ಯಾಹ್ನ 2.30ರಿಂದ 6) ಎಂಬ ರೂಪದಲ್ಲೇ ಕೊಡಬೇಕು. ನಡುವಿನ ಬಿಡುವು ಊಟಕ್ಕೆ, ಕ್ರಿಕೆಟ್ ಸ್ಕೋರಿಗೆ. ಅದನ್ನೂ ಕಿತ್ತುಕೊಂಡರೆ ಇಡೀ ವ್ಯವಸ್ಥೆಯನ್ನೇ ಕಿತ್ತೆಸೆಯುವ ಮನಸ್ಸಾಗುತ್ತದೆ.

ಪೂರ್ತಿ ತಡೆ ಬೇಡವೆಂದರೆ ಗಂಟೆಗೆ ಇಷ್ಟು ನಿಮಿಷ ಎಂದು ಮಿತಿ ಹಾಕಬಹುದು. ನನಗೆ ಅದಕ್ಕಿಂತ ಹಿಡಿಸಿದ್ದು ವಿಳಂಬದ ಪುಟ: ತಾಣ ತೆರೆಯುವ ಮುನ್ನ ಸೆಕೆಂಡುಗಳ ಎಣಿಕೆ ನಡೆಯುತ್ತದೆ. ಅಷ್ಟು ಹೊತ್ತು ಸುಮ್ಮನೆ ಕಾಯುವಾಗ "ಏನು ನೋಡಲು ಬಂದೆ?" ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರ ಇದ್ದರೆ ಕಾಯುತ್ತೇನೆ, ಇಲ್ಲದಿದ್ದರೆ ಟ್ಯಾಬ್ ಮುಚ್ಚುತ್ತೇನೆ.

ಇನ್ನು ಕಳ್ಳದಾರಿಗಳು. ತಡೆ ಹಾಕಿದವರೂ ನಾವೇ, ಮುರಿಯುವವರೂ ನಾವೇ ತಾನೇ. ಎಕ್ಸ್‌ಟೆನ್ಷನ್‌ಗಳು ಖಾಸಗಿ (ಇನ್‌ಕಾಗ್ನಿಟೊ) ವಿಂಡೋದಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಬ್ರೌಸರ್‌ನ ಎಕ್ಸ್‌ಟೆನ್ಷನ್ ಪಟ್ಟಿಗೆ ಹೋಗಿ ಲೀಚ್‌ಬ್ಲಾಕ್‌ಗೆ ಅಲ್ಲೂ ಕೆಲಸ ಮಾಡುವ ಅನುಮತಿ ಕೊಡಿ. ಲೀಚ್‌ಬ್ಲಾಕ್‌ನ ಸಾಮಾನ್ಯ ಆಯ್ಕೆಗಳಲ್ಲಿ ಪ್ರವೇಶ ಸಂಕೇತದ ಸೌಲಭ್ಯವಿದೆ: ಆಯ್ಕೆಗಳನ್ನು ಬದಲಿಸಬೇಕಾದರೆ 32, 64 ಅಥವಾ 128 ಅಕ್ಷರಗಳ ಅರ್ಥವಿಲ್ಲದ ಸಾಲನ್ನು ಟೈಪ್ ಮಾಡಬೇಕು. 32 ಸಾಕು. 128 ಹಟಮಾರಿಗಳಿಗೆ.

ಯೂಟ್ಯೂಬ್‌ಗೆ ಇನ್ನೂ ಸುಲಭದ ಉಪಾಯವಿದೆ. ಗೂಗಲ್ ಖಾತೆಯಲ್ಲಿ ಯೂಟ್ಯೂಬ್ ವೀಕ್ಷಣೆಯ ಇತಿಹಾಸವನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿ. ಮುಖಪುಟದಲ್ಲಿ ಶಿಫಾರಸುಗಳೇ ಇರುವುದಿಲ್ಲ, ಹುಡುಕುವ ಪೆಟ್ಟಿಗೆ ಮಾತ್ರ ಉಳಿಯುತ್ತದೆ. ಚಂದಾದಾರರಾದ ಚಾನೆಲ್‌ಗಳು ಎಂದಿನಂತೆ ಸಿಗುತ್ತವೆ.

ಮೊಬೈಲ್ ವಿಷಯ ಚಿಕ್ಕದು. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು, ಆ್ಯಪ್ ಒಂದೊಂದಕ್ಕೂ ದಿನದ ಮಿತಿ ಹಾಕಿ. ಮಿತಿ ಮುಗಿದರೆ ಐಕಾನ್ ಮಸುಕಾಗುತ್ತದೆ, ನಡುರಾತ್ರಿ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಆದರೆ ಅದೇ ಪುಟಕ್ಕೆ ಹೋಗಿ ಮಿತಿಯನ್ನು ತೆಗೆಯುವುದು ಎರಡು ಕ್ಷಣದ ಕೆಲಸ, ಆದ್ದರಿಂದ ಅದನ್ನು ಎಚ್ಚರಿಕೆಯ ಗಂಟೆ ಎಂದಷ್ಟೇ ತಿಳಿಯಿರಿ. ಐಫೋನ್‌ನ ಸ್ಕ್ರೀನ್ ಟೈಮ್‌ಗೆ ಗುಪ್ತಸಂಖ್ಯೆ ಹಾಕಬಹುದು. ಅದನ್ನು ಮನೆಯವರೊಬ್ಬರ ಕೈಯಿಂದ ಹಾಕಿಸಿ, ಮಿತಿ ಮುಗಿದಾಗ ತಡೆಯುವ ಆಯ್ಕೆಯನ್ನೂ ಚಾಲೂ ಮಾಡಿ. ಸಂಖ್ಯೆ ಕೇಳಲು ಹೋದಾಗ ಕಾರಣವನ್ನೂ ಹೇಳಬೇಕಾಗುತ್ತದೆ. ಕರೆ ಮತ್ತು ವಾಟ್ಸ್ಆ್ಯಪ್‌ಗಳನ್ನು ಸದಾ ಅನುಮತಿಯ ಪಟ್ಟಿಯಲ್ಲಿ ಇಡಲು ಮರೆಯಬೇಡಿ.