ಕಂಬಳಿ ಕೋಟು ಚುಚ್ಚೋದು ನಿಂತಿದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ಲೌಸ್ ಹೊಲಿಯುವವಳು. ದಾವಣಗೆರೆಯಲ್ಲಿ 22 ವರ್ಷದಿಂದ ಅದೇ ಕೆಲಸ. ಕಂಬಳಿಯಲ್ಲಿ ಕೋಟು ಹೊಲಿಯುತ್ತೇನೆ ಅಂದಾಗ ನಮ್ಮ ರಸ್ತೆಯ ಸೂಟ್ ಮಾಸ್ಟರು ಕತ್ತರಿ ಕೆಳಗಿಟ್ಟು ನಕ್ಕರು. "ಕಂಬಳಿ ಹೊದ್ಕೊಳ್ಳೋಕೆ ಅಕ್ಕಾ, ತೊಟ್ಕೊಳ್ಳೋಕಲ್ಲ. ಮೈಯೆಲ್ಲ ಚುಚ್ಚುತ್ತೆ. ಬ್ಲೌಸ್ ಬಿಟ್ಟು ಇದೆಲ್ಲ ಯಾಕೆ?" ಅಂದರು. ಮೂರು ವರ್ಷ ಅವರು ಹೇಳಿದ್ದೇ ನಿಜವಾಯ್ತು. ಆದರೆ ಕಳೆದ ದಸರಾದಿಂದ ಸಂಕ್ರಾಂತಿವರೆಗೆ ಸುಮಾರು 110 ಕೋಟು ಹೋದವು. ವಾಪಸ್ ಬಂದದ್ದು ಎರಡೇ ಎರಡು, ಅದರಲ್ಲೂ ಒಂದು ಸೈಜ್ ತಪ್ಪಿ ಬಂದದ್ದು. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ.

ಶುರುವಾಗಿದ್ದು 2021ರಲ್ಲಿ. ಮದುವೆಗಳೇ ಇಲ್ಲ, ಬ್ಲೌಸ್ ಆರ್ಡರ್ ಇಲ್ಲ, ಮೆಷಿನ್ ಮೇಲೆ ಧೂಳು. ಮನೆಯಲ್ಲಿ ಅಜ್ಜನ ಕಾಲದ ಒಂದು ಕರಿ ಕಂಬಳಿ ಇತ್ತು. ಸುಮ್ನೆ ಕೂತಿರೋ ಬದಲು ಅದನ್ನೇ ಕತ್ತರಿಸಿ ಒಂದು ಜಾಕೆಟ್ ಹೊಲಿದೆ. ಚೆನ್ನಾಗಿ ಬಂತು. ಮೆತ್ತಗಿತ್ತು, ಚುಚ್ಚಲೂ ಇಲ್ಲ. ಆ ಒಂದು ಜಾಕೆಟ್ ನನಗೆ ಮಾಡಿದ ಮೋಸ ಇದೆಯಲ್ಲ, ಅದರಷ್ಟು ದುಡ್ಡು ಬೇರೆ ಯಾವುದರಲ್ಲೂ ಕಳೆದಿಲ್ಲ.

ಅದೇ ಖುಷಿಯಲ್ಲಿ ಹೊಸ ಕಂಬಳಿ ನಾಲ್ಕು ತಂದು, ಹಾಗೇ ಕತ್ತರಿಸಿ, ನಾಲ್ಕು ಕೋಟು ಹೊಲಿದೆ. ಕೋಟು ಹ್ಯಾಂಗರ್ ಇಲ್ಲದೆ ನೆಲದ ಮೇಲೆ ತಾನೇ ನಿಂತುಕೊಳ್ಳುತ್ತಿತ್ತು. ತಮಾಷೆ ಅಲ್ಲ, ಫೋಟೋ ಇದೆ. ಒಂದನ್ನು ಪರಿಚಯದ ಟೀಚರೊಬ್ಬರು ತಗೊಂಡರು. ಎರಡು ದಿನಕ್ಕೆ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತ್ತು. ದುಡ್ಡು ವಾಪಸ್ ಕೊಟ್ಟು, ಮೇಲೊಂದು ಬ್ಲೌಸ್ ಪುಕ್ಕಟೆ ಹೊಲಿದುಕೊಟ್ಟೆ. ಆ ವರ್ಷ ಏನಿಲ್ಲವೆಂದರೂ 11-12 ಸಾವಿರ ಹೋಯ್ತು.

ಮರುವರ್ಷ ಲೈನಿಂಗ್ ದಪ್ಪ ಮಾಡಿದರೆ ಸರಿಹೋಗುತ್ತೆ ಅಂದುಕೊಂಡೆ. ಉಣ್ಣೆ ಕೂದಲು ಲೈನಿಂಗ್ ದಾಟಿ ಬಂತು. ಫ್ಯೂಸಿಂಗ್, ಅಂದರೆ ಇಸ್ತ್ರಿ ಬಿಸಿಗೆ ಒಳಗಡೆ ಅಂಟಿಕೊಳ್ಳುವ ಪದರ, ಅದನ್ನೂ ಅಂಟಿಸಿದೆ. ಇಸ್ತ್ರಿ ಇಟ್ಟಾಗ ಅಂಟಿದ ಹಾಗೆ ಮಾಡಿ, ಮಾರನೇ ದಿನ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಕಂಬಳಿಗೆ ಫ್ಯೂಸಿಂಗ್ ಬೇಡವೇ ಬೇಡ, ನಾನು ಕಳೆದುಕೊಂಡ 3 ಸಾವಿರದ ಮೇಲೆ ನಂಬಿಕೆ ಇಡಿ. ಆಮೇಲೆ ಯಾರೋ ಒಗೆದರೆ ಮೆತ್ತಗಾಗುತ್ತೆ ಅಂದರು. ವಾಷಿಂಗ್ ಮೆಷಿನ್‌ಗೆ ಹಾಕಿ ಬಿಸಿನೀರು ಬಿಟ್ಟೆ. 9 ಅಡಿ ಉದ್ದದ ಕಂಬಳಿ ಹೊರಗೆ ಬಂದಾಗ 6 ಅಡಿ ಚಿಲ್ಲರೆ, ದಪ್ಪ ಮಾತ್ರ ಚಾಪೆಯಷ್ಟು. ಮೆಷಿನ್ ಪೈಪಿನಲ್ಲಿ ಕೂದಲು ಕಟ್ಟಿ ನೀರು ಅಡುಗೆಮನೆವರೆಗೆ ಬಂತು. ನಮ್ಮ ಯಜಮಾನರು ಎರಡು ದಿನ ಮಾತಾಡಲಿಲ್ಲ.

ಕಣ್ಣು ತೆರೆಸಿದ್ದು ಚಳ್ಳಕೆರೆ ಕಡೆಯ ಒಬ್ಬ ನೇಕಾರ ಅಜ್ಜ. ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಹೊರಗೆ ಹಾಸು, ಅಂದರೆ ಮಗ್ಗಕ್ಕೆ ಹೋಗುವ ಉದ್ದದ ಎಳೆ ಕಟ್ಟಿ, ಹುಣಸೆ ಬೀಜದ ಗಂಜಿ ಎಳೆಗಳಿಗೆ ಸವರಿ ಒಣಗಲು ಬಿಟ್ಟಿದ್ದರು. ಕೈಯಲ್ಲಿ ನೂತ ಉಣ್ಣೆ ಎಳೆ ಮಗ್ಗದಲ್ಲಿ ತಿಕ್ಕಿ ಹರಿಯಬಾರದು ಅಂತ ಆ ಗಂಜಿ. ಒಣಗಿದ ಎಳೆ ಮುಟ್ಟಿದೆ. ಪೊರಕೆ ಕಡ್ಡಿ! ಆಗ ಹೊಳೆಯಿತು. ಚುಚ್ಚುತ್ತಿದ್ದದ್ದು ಉಣ್ಣೆ ಒಂದೇ ಅಲ್ಲ, ಗಂಜಿ ಹಿಡಿದು ಸೆಟೆದು ನಿಂತ ಕೂದಲಿನ ತುದಿ. ನಮ್ಮ ಅಜ್ಜನ ಕಂಬಳಿ ಮೆತ್ತಗಿದ್ದದ್ದು ಯಾಕೆ ಅಂತಲೂ ಗೊತ್ತಾಯ್ತು. ನಲವತ್ತು ಮಳೆಗಾಲ ತಲೆ ಮೇಲೆ ಕೊಪ್ಪೆಯಾಗಿ ನೆನೆದು ನೆನೆದು ಅದರ ಗಂಜಿ ಯಾವತ್ತೋ ತೊಳೆದುಹೋಗಿತ್ತು.

"ಗಂಜಿ ಬಿಡಿಸಿ ಹೊಲಿದ್ರೆ ಹೆಂಗೆ ಅಜ್ಜಾ?" ಅಂದೆ. "ನಾವು ಕಷ್ಟ ಬಿದ್ದು ಹಾಕ್ತೀವಿ, ನೀ ಕಷ್ಟ ಬಿದ್ದು ತೊಳಿತೀಯೇನವ್ವಾ? ಬಟ್ಟೆ ಜೋತು ಬೀಳ್ತದೆ ನೋಡು" ಅಂತ ಅವರೂ ನಕ್ಕರು. ಜೋತು ಬೀಳುವುದೇ ನನಗೆ ಬೇಕಾಗಿತ್ತು.

ಗಂಜಿ ಬಿಡಿಸುವುದು ಹೇಳುವಷ್ಟು ಸುಲಭ ಅಲ್ಲ. ತಣ್ಣೀರಲ್ಲಿ ಒಂದು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕೈಗೆ ಬೆಂಡೆಕಾಯಿ ಲೋಳೆಯ ಹಾಗೆ ಅಂಟುತ್ತದೆ. ಆ ನೀರು ಚೆಲ್ಲಿ ಮತ್ತೆ ನೆನೆಹಾಕಬೇಕು. ನಾನು ಮೂರು ಸಲ ಮಾಡುತ್ತೇನೆ. ಲೋಳೆ ಹೋಗಿದೆಯೋ ಇಲ್ಲವೋ ನೋಡಲು ಅಂಚಿನ ಎಳೆ ಎರಡು ಬೆರಳಲ್ಲಿ ಉಜ್ಜಿ, ಜಾರಿದರೆ ಇನ್ನೂ ಇದೆ ಅಂತ ಅರ್ಥ. ಆಮೇಲೆ ಅಂಟವಾಳದ ನೊರೆಯಲ್ಲಿ, ಉಗುರು ಬೆಚ್ಚಗಿನ ನೀರಲ್ಲಿ, ಕಾಲಲ್ಲಿ ತುಳಿಯುವುದು. ಸೋಪಿನ ಪುಡಿ ಬೇಡ, ಕೂದಲು ಒರಟಾಗುತ್ತದೆ. ಬಿಸಿನೀರಂತೂ ಬೇಡ, ಮೇಲೆ ಹೇಳಿದೆನಲ್ಲ. ತುಳಿಯುವುದು ಎಷ್ಟು ಹೊತ್ತು ಅನ್ನುವುದು ಕಾಲಿಗೇ ಗೊತ್ತಾಗಬೇಕು. ಕಡಿಮೆಯಾದರೆ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಚಾಪೆ. ನನ್ನ ಲೆಕ್ಕದಲ್ಲಿ 9 ಅಡಿ ಕಂಬಳಿ 8 ಅಡಿಗೆ ಬಂದರೆ ಸರಿ. ಕೊನೆಯ ನೀರಿಗೆ ಅಡುಗೆಮನೆಯದೇ ಒಂದು ಸಾಮಾನು ಹಾಕುತ್ತೇನೆ, ಏನು ಅಂತ ಇಲ್ಲಿ ಬರೆಯೋಲ್ಲ. ಅದಕ್ಕೆ ಎರಡು ವರ್ಷ, ಏಳೆಂಟು ಕಂಬಳಿ ಖರ್ಚಾಗಿದೆ.

ಉಣ್ಣೆ ಆರಿಸುವುದರಲ್ಲೂ ಅರ್ಧ ಗೆಲುವಿದೆ. ಮರಿ ಕುರಿಯ ಮೊದಲ ಕತ್ತರಿಯ ಉಣ್ಣೆ, ನಮ್ಮ ಮಕ್ಕಳ ಜವಳದ ಕೂದಲಿದ್ದ ಹಾಗೆ. ಅದರ ಕಂಬಳಿ ದುಬಾರಿ, ಸಿಗುವುದೂ ಕಡಿಮೆ. ಇಡೀ ಕೋಟಿಗೆ ಅದೇ ಬೇಕಿಲ್ಲ. ಕತ್ತು, ಮುಂಗೈ, ಮುಂದಿನ ಪಟ್ಟಿ, ಇಷ್ಟಕ್ಕೆ ಅದು ಇದ್ದರೆ ಸಾಕು. ಮೈ ಭಾಗಕ್ಕೆ ಲೈನಿಂಗ್ ಇರುತ್ತದಲ್ಲ. ಇದು ಹೊಳೆದ ಮೇಲೆ ಒಂದೊಂದು ಕೋಟಿನ ಮೇಲೆ ನನ್ನ ಖರ್ಚು 600-700 ರೂಪಾಯಿ ಇಳಿಯಿತು.

ಇನ್ನು ಟ್ರೆಂಡ್ ವಿಷಯ. ಪ್ಯಾರಿಸ್, ಮಿಲಾನ್‌ಗಳಲ್ಲಿ ಚಳಿಗಾಲದ ಬಟ್ಟೆಯ ಶೋ ನಡೆಯುವುದು ಫೆಬ್ರವರಿ-ಮಾರ್ಚ್‌ನಲ್ಲಿ. ಅಂದರೆ ನಮ್ಮಲ್ಲಿ ಚಳಿ ಶಿವ ಶಿವಾ ಅಂತ ಓಡಿಹೋಗುವ ಹೊತ್ತಿಗೆ. ಇದು ನನ್ನ ತಲೆಗೇ ಹತ್ತಿರಲಿಲ್ಲ. ನವೆಂಬರಲ್ಲಿ ಫೋನ್ ನೋಡಿ, ಡಿಸೆಂಬರಲ್ಲಿ ಹೊಲಿದು, ಜನವರಿಯಲ್ಲಿ ಮಾರಲು ಹೊರಡುತ್ತಿದ್ದೆ. ಎಳ್ಳು ಬೆಲ್ಲ ಬೀರಿದ ಮೇಲೆ ಕೋಟು ಯಾರು ಕೊಳ್ತಾರೆ? ಈಗ ಶೋ ನಡೆಯುವಾಗಲೇ ಫೋನಲ್ಲಿ ನೋಡಿಕೊಳ್ಳುತ್ತೇನೆ. ಬಣ್ಣ ನೋಡೋಲ್ಲ, ಭುಜ ನೋಡುತ್ತೇನೆ. ಭುಜ ಇಳಿದಿದೆಯಾ, ಎದ್ದಿದೆಯಾ, ತೋಳು ಎಷ್ಟು ದೊಗಲೆ, ಇಷ್ಟು ಗೊತ್ತಾದರೆ ಕಟಿಂಗ್ ಗೊತ್ತಾದ ಹಾಗೆ. ಫೆಬ್ರವರಿ-ಮಾರ್ಚ್‌ನಲ್ಲಿ ಕಂಬಳಿ ಕೊಳ್ಳುವುದು, ಏಪ್ರಿಲ್-ಮೇ ಬಿಸಿಲಿರುವಾಗ ತೊಳೆಯುವುದು, ಮಳೆಗಾಲದಲ್ಲಿ ಒಳಗೆ ಕೂತು ಹೊಲಿಯುವುದು. ಬೇಸಿಗೆಯಲ್ಲೂ ಒಣಗಿಸುವುದು ನೆರಳಲ್ಲೇ, ಅಡ್ಡ ಹರಡಿ. ನೇತುಹಾಕಿದರೆ ನೀರಿನ ಭಾರಕ್ಕೆ ಎಳೆದುಕೊಂಡು ಒಂದು ಕಡೆ ಉದ್ದ ಆಗುತ್ತದೆ.

ಅದೃಷ್ಟ ಕೂಡಿಬಂದದ್ದು 2024ರಲ್ಲಿ. ಆ ಚಳಿಗಾಲಕ್ಕೆ ಎಲ್ಲಿ ನೋಡಿದರೂ ಬಾರ್ನ್ ಜಾಕೆಟ್. ದೊಗಲೆ ಮೈ, ಇಳಿದ ಭುಜ, ಮುಂದೆ ಎರಡು ದೊಡ್ಡ ಜೇಬು, ಕಾಲರ್ ಮಾತ್ರ ಬೇರೆ ಬಟ್ಟೆ, ಹೆಚ್ಚಾಗಿ ಕಾರ್ಡುರಾಯ್ ಅನ್ನುವ ಗೆರೆ ಗೆರೆ ದಪ್ಪ ಬಟ್ಟೆ. ಬಾರ್ನ್ ಅಂದರೇನು ಅಂತ ಮಗಳನ್ನು ಕೇಳಿದೆ. "ಕೊಟ್ಟಿಗೆ ಥರ ಅಮ್ಮಾ" ಅಂದಳು. ಕೊಟ್ಟಿಗೆ ಕೆಲಸದ ಕೋಟು! ನಮ್ಮ ಅಜ್ಜ ಕೊಟ್ಟಿಗೆಗೆ ಹೋಗುವಾಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದದ್ದು ಇದೇ ಕಂಬಳಿ ಅಲ್ವಾ? ಅದಕ್ಕಿಂತ ಮುಖ್ಯ, ಆ ಶೇಪಿಗೆ ಡಾರ್ಟ್ (ಮೈಗೆ ಕೂರಲು ಹಿಡಿಯುವ ಮಡಿಕೆ) ಇಲ್ಲ, ಸೊಂಟ ಇಲ್ಲ, ಪ್ಯಾಡ್ ಇಲ್ಲ. ಹೊಲಿಗೆ ಕಡಿಮೆ ಇದ್ದಷ್ಟೂ ಕಂಬಳಿಗೆ ಒಳ್ಳೆಯದು. ಎರಡು ಪದರ ಸೇರಿದ ಕಡೆ ಬೆರಳು ದಪ್ಪ ಆಗಿಬಿಡುತ್ತದೆ.

ಕಾಲರ್‌ಗೆ ಕಾರ್ಡುರಾಯ್ ಯಾಕೆ ಅಂತ ನಾನು ಗುಳೇದಗುಡ್ಡದ ಖಣ ಹಾಕಿದೆ. ಬ್ಲೌಸ್ ಹೊಲಿಯುವವಳಿಗೆ ಖಣ ಹೊಸದಾ? ಆ ವರ್ಷ ಬರ್ಗಂಡಿ ಬರ್ಗಂಡಿ ಅಂತ ಎಲ್ಲರೂ ಕುಣಿಯುತ್ತಿದ್ದರು. ನಮ್ಮ ಅಂಗಡಿಯಲ್ಲಿ ಅದಕ್ಕೆ ದಾಳಿಂಬೆ ಬಣ್ಣ ಅಂತೀವಿ, ಖಣದ ಗಂಟಲ್ಲಿ ಬೇಕಾದಷ್ಟು ಬಿದ್ದಿತ್ತು. ಕರಿ ಕಂಬಳಿ, ದಾಳಿಂಬೆ ಕಾಲರ್. ಮೊದಲ 40 ಹೋಗಿದ್ದು ಹೀಗೆ. ಅದೇ ಡಿಸೆಂಬರಲ್ಲಿ, ವರ್ಷಕ್ಕೊಂದು ಬಣ್ಣ ಆರಿಸಿ ಹೇಳುವ ಪ್ಯಾಂಟೋನ್ ಕಂಪನಿಯವರು 2025ಕ್ಕೆ ಮೋಕಾ ಮೂಸ್ ಅಂತ ಒಂದು ಕಂದು ಬಣ್ಣ ಆರಿಸಿದರು. ಬಣ್ಣ ಹಾಕಲು ಹೋಗಲಿಲ್ಲ. ಕರಿ ಕುರಿ ಬಿಸಿಲಲ್ಲಿ ಮೇಯ್ದು ಮೇಯ್ದು ಉಣ್ಣೆಯ ತುದಿ ತಾನೇ ಕಂದಾಗಿರುತ್ತದೆ. ಅಂಥದ್ದನ್ನೇ ಬೇರೆ ಇಟ್ಟು ನೂಲಿಸಿಕೊಡಿ ಅಂತ ಅಜ್ಜನಿಗೆ ಹೇಳಿದೆ. ಕಂಬಳಿಗೆ 200 ಜಾಸ್ತಿ ಕೇಳಿದರು, ಕೊಟ್ಟೆ. ಕಳೆದ ಸೀಸನ್‌ನಲ್ಲಿ ಮೊದಲು ಖಾಲಿಯಾದದ್ದು ಆ ಕಂದು ಕೋಟುಗಳೇ.

ಹೊಲಿಗೆ ಬಗ್ಗೆ ಹೊಲಿಯುವವರಿಗೆ ಹೆಚ್ಚು ಹೇಳಬೇಕಿಲ್ಲ. 18ನೇ ನಂಬರ್ ಸೂಜಿ, ಟಾಕು ದೊಡ್ಡದು, ಟೆನ್ಷನ್ ಸಡಿಲ. ಬಾಬಿನ್ ಕೇಸ್ ಪ್ರತಿ ಕೋಟಿಗೂ ಬ್ರಷ್ ಹಾಕಿ, ಇಲ್ಲವಾದರೆ ಕೂದಲು ತುಂಬಿ ದಾರ ಕಚ್ಚುತ್ತದೆ. ಕಾಜಾ, ಅಂದರೆ ಗುಂಡಿ ತೂತು, ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಮೆಷಿನ್ ಕಾಜಾ ಎರಡು ವಾರಕ್ಕೆ ಬಾಯಿ ಬಿಡುತ್ತದೆ. ಕೈ ಕಾಜಾ ಮಾಡಿದರೆ ಒಂದಕ್ಕೆ ಅರ್ಧ ಗಂಟೆ. ಕೊನೆಗೆ ಖಣದಲ್ಲೇ ಕುಣಿಕೆ ಮಾಡಿ ಮರದ ಗುಂಡಿ ಹಾಕಿದೆ. ಗಿರಾಕಿಗಳು ಅದನ್ನೇ ಡಿಸೈನ್ ಅಂದುಕೊಂಡರು. ನಾನೂ ಹೌದು ಅಂದೆ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಕಂಬಳಿ 2,200ರಿಂದ 3,000, ಒಂದು ಕೋಟಿಗೆ ಒಂದು. ಲೈನಿಂಗ್, ಖಣ, ಗುಂಡಿ ಸೇರಿ 500ರ ಹತ್ತಿರ. ತೊಳೆಯಲು ಬರುವ ಇಬ್ಬರಿಗೂ ಹೊಲಿಗೆಯವಳಿಗೂ ಸೇರಿ ಕೋಟಿಗೆ 1,000 ಬೀಳುತ್ತದೆ. ಮೊದಲು 3,200ಕ್ಕೆ ಮಾರುತ್ತಿದ್ದೆ. ಅಂದರೆ ಕೈಯಿಂದ ಹಾಕುತ್ತಿದ್ದೆ. ಈಗ 6,500. ರೇಟು ಏರಿಸಿದ ಮೇಲೆ ಚೌಕಾಸಿ ಕಡಿಮೆಯಾಯ್ತು, ಇದು ಯಾಕೆ ಅಂತ ನನಗೆ ಗೊತ್ತಿಲ್ಲ.

2023ರಲ್ಲಿ ಬೆಂಗಳೂರಿನ ಒಂದು ಅಂಗಡಿಗೆ ಮಾರಿದ ಮೇಲೆ ದುಡ್ಡು ಅನ್ನುವ ಲೆಕ್ಕದಲ್ಲಿ 12 ಕೋಟು ಕೊಟ್ಟಿದ್ದೆ. ಮಾರ್ಚಲ್ಲಿ ಒಂಬತ್ತು ವಾಪಸ್ ಬಂದವು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಬಿಚ್ಚಿ ನೋಡಿದರೆ ಜರಡಿ. ಹುಳ ತಿಂದು ತೂತು ತೂತು. ಫೋನ್ ಮಾಡಿದರೆ "ಉಣ್ಣೆ ಅಂದ್ಮೇಲೆ ಹುಳ ಬರುತ್ತೆ ಮೇಡಂ" ಅಂದರು. ಕಂಬಳಿಯಲ್ಲಿ ಬುತ್ತಿ ಕಟ್ಟಿ ಕೂದಲು ಸಿಕ್ತು ಅನ್ನಬಾರದಂತೆ, ಹಾಗೆ ನನಗೇ ಬುದ್ಧಿ ಹೇಳಿದರು. ಅಲ್ಲಿಂದ ಕೊಟ್ಟ ಮೇಲೆ ದುಡ್ಡು ಅನ್ನುವ ಮಾತೇ ಇಲ್ಲ, ಅರ್ಧ ಮುಂಗಡ. ಮನೆಯಲ್ಲೂ ಕೋಟುಗಳನ್ನು ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಬೇವಿನ ಸೊಪ್ಪು ಒಣಗಿಸಿ ಇಟ್ಟು, ತಿಂಗಳಿಗೊಮ್ಮೆ ಹೊರಗೆ ಹಾಕಿ ಕೊಡವುತ್ತೇವೆ. ನುಸಿ ಗುಳಿಗೆ ಹಾಕಿದರೆ ಕೆಲಸ ಆಗುತ್ತದೆ, ಆದರೆ 6,500 ಕೊಟ್ಟವರು ಆ ವಾಸನೆ ಸಹಿಸೋಲ್ಲ.

ನಡುನಡುವೆ ಬೇರೆ ಹುಚ್ಚಾಟಗಳೂ ಆದವು. ಕಂಬಳಿ ಪ್ಯಾಂಟ್ ಒಂದು ಹೊಲಿದೆ, ಅದರ ಬಗ್ಗೆ ಮಾತು ಬೇಡ. ಇಳಕಲ್ ಸೀರೆಯ ಹಳೇ ಸೆರಗನ್ನು ಬೆನ್ನಿನ ಒಳಗೆ ಲೈನಿಂಗ್ ಮಾಡಿದ್ದು ಸೊಗಸಾಗಿ ಬಂತು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದಾಗ ಸೆರಗಿನ ತೆನೆ ಚಿತ್ತಾರ ಕಾಣುತ್ತದೆ. ಅಮ್ಮನ ಸೀರೆ ತಂದುಕೊಟ್ಟು ಹೀಗೇ ಮಾಡಿಕೊಡಿ ಅಂತ ಹತ್ತು ಹನ್ನೆರಡು ಜನ ಬಂದರು. ಕಂಬಳಿ ಕೊಪ್ಪೆಯ ಮಡಿಕೆ ನೋಡಿ ಒಂದು ಟೋಪಿ ಕೋಟು ಮಾಡಿದ್ದೇನೆ, ಹೊಲಿಗೆ ಒಂದೇ, ತಲೆ ಹಿಂದೆ. ಆ ಮಡಿಕೆ ಎಲ್ಲಿ ಶುರು ಮಾಡಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಮ್ಮ ಓಣಿಯ ಹುಡುಗಿ ಅಮೆರಿಕದಲ್ಲಿ ಇದ್ದಾಳೆ, ಅವಳಿಗೊಂದು ಕಳಿಸಿದೆ. "ಆಂಟಿ, ಬೆಚ್ಚಗಿದೆ, ಆದ್ರೆ ಗಾಳಿ ಬೀಸಿದ್ರೆ ಒಳಗೆ ತೂರುತ್ತೆ" ಅಂದಳು. ಹೌದು, ನೇಯ್ಗೆ ಸಡಿಲ, ನಮ್ಮ ಚಳಿಗೆ ಸಾಕು, ಅಲ್ಲಿನದಕ್ಕೆ ಸಾಲದು. ಒಳಗೆ ಇನ್ನೊಂದು ಒತ್ತಾದ ಬಟ್ಟೆ ಸೇರಿಸಿ ನೋಡುತ್ತಿದ್ದೇನೆ, ತೂಕ ಎರಡು ಕಿಲೋ ದಾಟುತ್ತಿದೆ.

2026ಕ್ಕೆ ಪ್ಯಾಂಟೋನಿನವರು ಕ್ಲೌಡ್ ಡ್ಯಾನ್ಸರ್ ಅಂತ ಬಿಳಿ ಬಣ್ಣ ಆರಿಸಿದ್ದಾರೆ. ಧೈರ್ಯ ಮಾಡಿ 15 ಬಿಳಿ ಕಂಬಳಿ ತಂದೆ. ಮೊನ್ನೆ ಮೊದಲ ನಾಲ್ಕು ನೆನೆಹಾಕಿ ತುಳಿದೆವು. ಬಿಳಿ ಅಂದುಕೊಂಡದ್ದು ತೊಳೆದ ಮೇಲೆ ಮಜ್ಜಿಗೆ ಹುಳಿ ಬಣ್ಣಕ್ಕೆ ಬಂದಿದೆ. ಮಗಳು ಇದನ್ನೇ ಐವರಿ ಅಂತ ಕರೆಯೋಣ ಅನ್ನುತ್ತಿದ್ದಾಳೆ. ಉಳಿದ ಹನ್ನೊಂದು ಟೆರೇಸ್ ಮೇಲೆ ಗಂಟು ಕಟ್ಟಿ ಇಟ್ಟಿದ್ದೇನೆ. ನೀರಿನ ಟ್ಯಾಂಕ್ ಎರಡು ಸಲ ಖಾಲಿಯಾಗಿದೆ, ಕೆಳಗಿನ ಮನೆಯವರು ಇನ್ನೂ ಮೇಲೆ ಬಂದು ನೋಡಿಲ್ಲ.