ಕಂಪನಿ ನಡೆಸುತ್ತಾ ಪದ್ಯ ಬರೆಯುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಟೈಮ್ ಸಿಗುವುದಿಲ್ಲ. ಬಿಡುವಾದಾಗ ಬರೆಯೋಣ ಅಂತ ಕಾದರೆ ಕಂಪನಿ ಮುಚ್ಚಿದ ಮೇಲೇ ಬರೆಯಬೇಕು.

ಇಂಗ್ಲೆಂಡಿನ ಫೆಲಿಕ್ಸ್ ಡೆನಿಸ್ ಅಂತ ಒಬ್ಬನಿದ್ದ. ಕಂಪ್ಯೂಟರ್ ಪತ್ರಿಕೆಗಳನ್ನು ನಡೆಸಿ, ಅಂಚೆಯಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಮೈಕ್ರೋವೇರ್‌ಹೌಸ್ ಕಟ್ಟಿದವರಲ್ಲಿ ಒಬ್ಬನಾಗಿ ಸಿಕ್ಕಾಪಟ್ಟೆ ದುಡ್ಡು ಮಾಡಿದ. ಹುಟ್ಟಿದ್ದು 1947ರಲ್ಲಿ, ಪದ್ಯಕ್ಕೆ ಕೈ ಹಾಕಿದ್ದು ಐವತ್ತು ದಾಟಿದ ಮೇಲೆ, ಅದೂ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಂಟಿಸುವ ಚೀಟಿಗಳ ಮೇಲೆ ಗೀಚುತ್ತಾ. ಅವನ ದುಡ್ಡಿಗಿಂತ ನನಗೆ ಇಷ್ಟವಾಗುವುದು ಅವನು ಛಂದಸ್ಸು, ಪ್ರಾಸ ಬಿಡದೆ ಬರೆದದ್ದು.

ನಮ್ಮಂಥವರಿಗೆ ಅದೇ ಸರಿ. ಲೆಕ್ಕವಿರುವ ಪದ್ಯವನ್ನು ತಲೆಯಲ್ಲೇ ಹೊತ್ತು ತಿರುಗಬಹುದು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೆರಳು ಮಡಚಿ ಎಣಿಸಬಹುದು.

ಕುಮಾರವ್ಯಾಸ ಮಹಾಭಾರತದ ಹತ್ತು ಪರ್ವಗಳನ್ನು ಹೇಳಿದ ಭಾಮಿನಿ ಷಟ್ಪದಿಯನ್ನೇ ಹಿಡಿಯಿರಿ, ಆರು ಸಾಲಿನ ಪದ್ಯ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ: ಹ್ರಸ್ವಕ್ಕೆ 1, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ 2. ಮೊದಲೆರಡು ಸಾಲಿಗೆ ತಲಾ 3-4-3-4, ಒಟ್ಟು 14. ಮೊನ್ನೆ ಒಬ್ಬ ಕ್ಲೈಂಟ್ ಮೂರು ತಿಂಗಳಿಂದ ದುಡ್ಡು ಕೊಡದೆ ಸತಾಯಿಸುತ್ತಿದ್ದಾಗ ಹುಟ್ಟಿದ್ದು ಇದು:

ಬಿಲ್ಲು ಹೋಯಿತು ಹಣವು ಬಾರದು
ಎಲ್ಲಿ ಕೇಳಲಿ ಯಾರ ಬಳಿಯಲಿ

ಬಿಲ್-ಲು, ಅಲ್ಲಿಗೆ 3. ಹೋ-ಯಿ-ತು, 4. ಹಣವು 3, ಬಾರದು 4. ಎರಡು ಸಾಲಿನಲ್ಲೂ ಎರಡನೇ ಅಕ್ಷರ 'ಲ್ಲ' ಆಗಿದೆ ನೋಡಿ, ಅದೇ ಆದಿಪ್ರಾಸ. ಎಕ್ಸೆಲ್‌ನಲ್ಲಿ ಜಿಎಸ್‌ಟಿ ತಾಳೆ ಹಾಕುವವರಿಗೆ ಇದೇನು ಕಷ್ಟ ಅಲ್ವಾ?

ಹೊಳೆದ ಸಾಲನ್ನು ತಕ್ಷಣ ಫೋನಿನಲ್ಲಿ ಮಾತಾಡಿ ಇಟ್ಟುಕೊಳ್ಳಿ, ಟೈಪ್ ಮಾಡಲು ಹೋದರೆ ಅಷ್ಟರಲ್ಲಿ ವಾಟ್ಸಾಪ್ ಕರೆಯುತ್ತದೆ. ಒಂದು ವಾರ ಬಿಟ್ಟು ಜೋರಾಗಿ ಓದಿ. ನಾಲಿಗೆ ಎಡವಿದ ಕಡೆ ಮಾತ್ರೆ ತಪ್ಪಿರುತ್ತದೆ.

ಕೆಲಸದವರಿಗೆ ಮಾತ್ರ ತೋರಿಸಬೇಡಿ. ಸಂಬಳ ಕೊಡುವವರ ಪದ್ಯ ಯಾವತ್ತೂ ಸೂಪರ್ ಆಗಿರುತ್ತದೆ. ಡೆನಿಸ್ ತನ್ನ ಪದ್ಯ ಕೇಳಲು ಬಂದವರಿಗೆ ಪುಕ್ಕಟೆ ವೈನ್ ಕೊಡುತ್ತಿದ್ದ, ನಾನು ಮಸಾಲೆ ಮಂಡಕ್ಕಿ ಕೊಟ್ಟು ಹಳೇ ಕಾಲೇಜು ಗೆಳೆಯರನ್ನು ಕೂರಿಸುತ್ತೇನೆ, ಅವರು ಮುಖ ನೋಡದೆ ಬೈಯುತ್ತಾರೆ.

ಭಾಮಿನಿಯ ಮೂರನೇ ಸಾಲು ಉದ್ದ, 3-4-3-4-3-4, ಕೊನೆಗೊಂದು ಗುರು, ಅಂದರೆ 2 ಮಾತ್ರೆಯ ಅಕ್ಷರ, ಒಟ್ಟು 23. ನನ್ನದು ಇನ್ನೂ ಕೂತಿಲ್ಲ. ಆ ಬಿಲ್ಲಿನ ದುಡ್ಡೂ ಬಂದಿಲ್ಲ.