ಸೆವಿಲ್‌ನಲ್ಲಿ ಇಬ್ಬರಿಗೆ ಒಂದು ದಿನ: ಸುಸ್ತಾಗದೆ ಸುತ್ತುವುದು, ಹೊಟ್ಟೆ ತುಂಬ ತಿನ್ನುವುದು ಹೇಗೆ?

ದಕ್ಷಿಣ ಸ್ಪೇನಿನ ಸೆವಿಲ್‌ಗೆ ಹೋದ ನಮ್ಮ ಕಡೆಯ ಗಂಡ ಹೆಂಡತಿ ಜಗಳ ಆಡುವುದು ಸಾಮಾನ್ಯವಾಗಿ ಸಂಜೆ ಆರು ಗಂಟೆಗೆ. ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಕಾಲು ನೋವು. ಹೋಟೆಲುಗಳ ಅಡುಗೆಮನೆ ನೋಡಿದರೆ ಬಾಗಿಲು ಹಾಕಿದೆ! ಈ ಊರಿನಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿ ಊಟ ಒಂಬತ್ತರ ಮೇಲೆ. ನಡುವೆ ಬಿಸಿ ಊಟ ಸಿಗುವ ಜಾಗ ಕಡಿಮೆ. ನಿಮ್ಮ ಹೊಟ್ಟೆಯನ್ನು ಆ ಗಡಿಯಾರಕ್ಕೆ ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೊರಡುವ ಮುಂಚೆ

ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಈಸ್ಟರ್ ಹಿಂದಿನ ವಾರ ಮತ್ತು ಅದಾದ ಮೇಲೆ ಬರುವ ಫೆರಿಯಾ ಜಾತ್ರೆಯ ದಿನಗಳಲ್ಲಿ ರೂಮಿನ ಬಾಡಿಗೆ ಗಗನಕ್ಕೇರುತ್ತದೆ. ಮ್ಯಾಡ್ರಿಡ್‌ನಿಂದ ‘ಆವೆ’ ಎಂಬ ಅತಿ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗಬಹುದು, ಆದರೆ ಬೇಡ. ಊರಿಗೆ ಕಳೆ ಬರುವುದೇ ಕತ್ತಲಾದ ಮೇಲೆ. ಅಲ್ಕಾಸರ್ ಅರಮನೆಯ ಟಿಕೆಟನ್ನು ಮಾತ್ರ ಮೊದಲೇ ಆನ್‌ಲೈನ್‌ನಲ್ಲಿ, ದಿನದ ಮೊದಲ ಹೊತ್ತಿಗೆ ಕಾಯ್ದಿರಿಸಿ. ಪಾಸ್‌ಪೋರ್ಟ್ ಜೊತೆಗಿರಲಿ.

ಬೆಳಿಗ್ಗೆ

ಹೋಟೆಲಿನ ಬಫೆಗೆ ದುಡ್ಡು ಸುರಿಯಬೇಡಿ. ಬೀದಿ ಮೂಲೆಯ ಯಾವುದಾದರೂ ಬಾರ್‌ಗೆ ಹೋಗಿ. ಗಾಬರಿ ಬೇಡ, ಅಲ್ಲಿ ಬಾರ್ ಅಂದರೆ ತಿಂಡಿ, ಕಾಫಿಯ ಜಾಗವೂ ಹೌದು. ‘ತೋಸ್ತಾದಾ ಕೋನ್ ತೊಮಾತೆ’ ಕೇಳಿ. ಸುಟ್ಟ ಬ್ರೆಡ್, ಅದರ ಮೇಲೆ ಅರೆದ ಟೊಮೆಟೊ, ಉಪ್ಪು, ಧಾರಾಳವಾಗಿ ಆಲಿವ್ ಎಣ್ಣೆ. ಹಾಲು ಹಾಕಿದ ಕಾಫಿಗೆ ‘ಕಫೆ ಕೋನ್ ಲೆಚೆ’ ಅನ್ನಿ.

ಒಂಬತ್ತೂವರೆಗೆ ಅಲ್ಕಾಸರ್. ಇದಕ್ಕೆ ಎರಡು ಗಂಟೆಗಿಂತ ಕಡಿಮೆ ಕೊಟ್ಟರೆ ಅನ್ಯಾಯ. ಒಳಗಿನ ಮುಖ್ಯ ಅರಮನೆಯನ್ನು 1364ರಲ್ಲಿ ಕಟ್ಟಿಸಲು ಶುರು ಮಾಡಿದವನು ಕ್ರೈಸ್ತ ರಾಜ ಒಂದನೇ ಪೆದ್ರೊ. ಕಟ್ಟಿದವರಲ್ಲಿ ಮುಸ್ಲಿಂ ಕುಶಲಕರ್ಮಿಗಳಿದ್ದರು. ಹಾಗಾಗಿ ಕ್ರೈಸ್ತ ದೊರೆಯ ಗೋಡೆಯ ಮೇಲೆ ಅರಬ್ಬಿ ಅಕ್ಷರಗಳನ್ನು ಕಾಣುತ್ತೀರಿ. ಸ್ಪೇನಿನ ರಾಜಮನೆತನದವರು ಊರಿಗೆ ಬಂದರೆ ಇವತ್ತಿಗೂ ಉಳಿದುಕೊಳ್ಳುವುದು ಇಲ್ಲಿನ ಮಹಡಿಯಲ್ಲೇ. ಅಂಗಳ, ಬಣ್ಣದ ಹೆಂಚಿನ ಗೋಡೆ, ಮರದ ಗುಮ್ಮಟ ನೋಡಿ ಮುಗಿಸಿ ತೋಟಕ್ಕೆ ಬನ್ನಿ. ನವಿಲುಗಳಿವೆ. ಫೋಟೊ ಇಲ್ಲಿ ತೆಗೆಯಿರಿ, ಒಳಗೆ ಕಣ್ಣಲ್ಲಿ ನೋಡಿ. ಮರದ ತುಂಬ ಕಿತ್ತಳೆ ನೇತಾಡುತ್ತಿದ್ದರೂ ಕೈ ಹಾಕಬೇಡಿ. ಊರ ತುಂಬ ಇರುವ ಈ ಹಣ್ಣು ತಿನ್ನಲಾಗದಷ್ಟು ಕಹಿ. ಬ್ರಿಟಿಷರ ಮಾರ್ಮಲೇಡ್‌ಗೆ ಹೋಗುವ ಹಣ್ಣು ಇದೇ.

ಪಕ್ಕದಲ್ಲೇ ಕೆಥೆಡ್ರಲ್. ಭಾನುವಾರ ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನದ ಮೇಲೆ, ಅದು ನೆನಪಿರಲಿ. ಭಾರತಕ್ಕೆ ದಾರಿ ಹುಡುಕಲು ಹೊರಟು ಅಮೆರಿಕ ತಲುಪಿದ ಕೊಲಂಬಸ್‌ನ ಸಮಾಧಿ ಇಲ್ಲಿದೆ. ನಾಲ್ವರು ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಿದ್ದಾರೆ. ಕೆಥೆಡ್ರಲ್‌ನ ಹಿರಾಲ್ದಾ ಗೋಪುರ 12ನೇ ಶತಮಾನದ ಮಸೀದಿಯ ಮಿನಾರು. ಆಮೇಲೆ ಮೇಲ್ಗಡೆ ಗಂಟೆಗಳು ಬಂದವು. ಹತ್ತಲು ಮೆಟ್ಟಿಲಿಲ್ಲ, 35 ಇಳಿಜಾರು ಹಾದಿಗಳು. ಕೊನೆಯಲ್ಲಷ್ಟೇ ಕೆಲವು ಮೆಟ್ಟಿಲು. ನಿಧಾನವಾಗಿ ಹೋದರೆ ಕಷ್ಟವಿಲ್ಲ.

ಎರಡು ಗಂಟೆ: ತಾಪಾಸ್

ಕೆಥೆಡ್ರಲ್ ಎದುರಿಗೇ, ತಿಂಡಿಯ ಫೋಟೊ ಹಾಕಿದ ಬೋರ್ಡ್ ಇರುವ ಜಾಗಗಳನ್ನು ಬಿಟ್ಟು ಎರಡು ಗಲ್ಲಿ ಒಳಗೆ ಹೋಗಿ. ಮೆನುವಿನಲ್ಲಿ ಮೂರು ಅಳತೆ ಕಾಣಬಹುದು. ತಾಪಾ ಅಂದರೆ ಸಣ್ಣ ತಟ್ಟೆ, ಮೆದಿಯಾ ರಾಸಿಯೋನ್ ಅಂದರೆ ಅರ್ಧ ಪ್ಲೇಟು, ರಾಸಿಯೋನ್ ಅಂದರೆ ಪೂರ್ತಿ. ಇಬ್ಬರಿಗೆ ತಾಪಾಗಳೇ ಸರಿ. ಒಂದು ಬಾರಿಗೆ ಎರಡೋ ಮೂರೋ ತರಿಸಿ, ಹಂಚಿಕೊಂಡು ತಿಂದು, ಎದ್ದು ಇನ್ನೊಂದು ಬಾರ್‌ಗೆ ನಡೆಯಿರಿ. ಎಲ್ಲ ಒಂದೇ ಕಡೆ ಆರ್ಡರ್ ಮಾಡಿದರೆ ಮಜಾ ಹೋಯಿತು.

ಸಸ್ಯಾಹಾರಿಗಳಿಗೂ ಸೆವಿಲ್ ಪರವಾಗಿಲ್ಲ. ‘ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್’ ಎಂದರೆ ಪಾಲಕ್ ಮತ್ತು ಕಾಬೂಲಿ ಕಡಲೆ. ಜೀರಿಗೆ, ಬೆಳ್ಳುಳ್ಳಿ ಹಾಕಿರುತ್ತಾರೆ, ಮೊದಲ ತುತ್ತಿಗೇ ನಾಲಿಗೆ ಒಪ್ಪುತ್ತದೆ. ಬದನೆಕಾಯಿ ಕರಿದು ಮೇಲೆ ಕಾಕಂಬಿ ಸುರಿದು ಕೊಡುವ ತಾಪಾ ಬಿಡಲೇಬೇಡಿ. ಮೊಟ್ಟೆ ತಿನ್ನುವವರಿಗೆ ‘ತೋರ್ತಿಯಾ’ ಅನ್ನುವ ಆಲೂಗಡ್ಡೆಯ ಆಮ್ಲೆಟ್ ಇದೆ. ಟೊಮೆಟೊ, ಬ್ರೆಡ್ ಅರೆದ ತಣ್ಣನೆ ಸೂಪು ‘ಸಾಲ್ಮೋರೆಹೊ’ದ ಮೇಲೆ ಹಂದಿಮಾಂಸದ ಚೂರು, ಮೊಟ್ಟೆ ಉದುರಿಸುತ್ತಾರೆ. ‘ಸಿನ್ ಹಮೋನ್, ಸಿನ್ ಉಏವೊ’ (ಹಂದಿಮಾಂಸ ಬೇಡ, ಮೊಟ್ಟೆ ಬೇಡ) ಎಂದು ಮೊದಲೇ ಹೇಳಿ. ಬರೀ ‘ಮಾಂಸ ಬೇಡ’ ಅಂದರೆ ಸಾಲದು, ಟ್ಯೂನಾ ಮೀನು ಬಂದು ಕೂರುತ್ತದೆ. ಮೀನು ತಿನ್ನುವವರು ವಿನೆಗರ್, ಜೀರಿಗೆಯಲ್ಲಿ ನೆನೆಸಿ ಕರಿದ ‘ಕಸೋನ್ ಎನ್ ಅದೋಬೊ’ ಕೇಳಿ. ಕುಡಿಯುವ ಅಭ್ಯಾಸವಿದ್ದರೆ ಸಾಂಗ್ರಿಯಾ ಬದಲು ‘ತಿಂತೊ ದೆ ವೆರಾನೊ’ ತರಿಸಿ. ಕೆಂಪು ವೈನ್‌ಗೆ ಸೋಡಾ ಬೆರೆಸಿದ್ದು, ಊರಿನವರೂ ಕುಡಿಯುವುದು ಅದನ್ನೇ.

ಊಟ ಆದ ಮೇಲೆ ರೂಮಿಗೆ ಹೋಗಿ ಮಲಗಿ. ಚೀಲದಲ್ಲಿ ಬಿಸ್ಕತ್ತೋ ಹಣ್ಣೋ ಇರಲಿ.

ಸಂಜೆ

ಬಿಸಿಲು ಇಳಿದ ಮೇಲೆ ಪ್ಲಾಸಾ ದೆ ಎಸ್ಪಾನ್ಯಾ. 1929ರ ಪ್ರದರ್ಶನಕ್ಕೆ ಅನಿಬಾಲ್ ಗೊನ್ಸಾಲೆಸ್ ವಿನ್ಯಾಸ ಮಾಡಿದ ಅರ್ಧಚಂದ್ರಾಕಾರದ ಕಟ್ಟಡ. ಸ್ಪೇನಿನ ಒಂದೊಂದು ಪ್ರಾಂತ್ಯಕ್ಕೂ ಹೆಂಚಿನ ಚಿತ್ರವಿರುವ ಕಟ್ಟೆ, ಮುಂದೆ ಕಾಲುವೆ, ಹುಟ್ಟು ಹಾಕುವ ಬಾಡಿಗೆ ದೋಣಿ. ಜೂನ್‌ನಲ್ಲಾದರೆ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಅವಸರವಿಲ್ಲ. ನದಿಯಾಚೆಯ ತ್ರಿಯಾನಾ ಬಡಾವಣೆ ಚೆನ್ನಾಗಿದೆ, ಆದರೆ ಅದನ್ನೂ ಇದೇ ದಿನಕ್ಕೆ ತುರುಕಬೇಡಿ.

ಎಂಟರ ಸುಮಾರಿಗೆ ಫ್ಲಮೆಂಕೊ, ಅಂದರೆ ಈ ಕಡೆಯ ಹಾಡು, ಗಿಟಾರ್, ಕುಣಿತ. ಮೈಕ್ ಇಲ್ಲದ ಸಣ್ಣ ಸಭಾಂಗಣ ಆರಿಸಿ, ಮುಂದಿನ ಸಾಲು ಹಿಡಿಯಿರಿ. ಈ ಕಲೆಯನ್ನು ಬೆಳೆಸಿದ ರೋಮಾ (ಜಿಪ್ಸಿ) ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರು. ಕಾಲಿನ ಲೆಕ್ಕ ನೋಡುತ್ತಾ ಕಥಕ್ ನೆನಪಾದರೆ ಆಗಲಿ. ತಾಳ ಹಾಕಲು ಮಾತ್ರ ಹೋಗಬೇಡಿ, ಹನ್ನೆರಡು ಮಾತ್ರೆಯ ಲೆಕ್ಕ ಸುಲಭವಲ್ಲ. ಖುಷಿಯಾದರೆ ‘ಓಲೆ’ ಅನ್ನಿ, ಸಾಕು.

ಹೊರಬಂದಾಗ ಊಟದ ಹೊತ್ತು ಸರಿಯಾಗಿರುತ್ತದೆ. 1670ರಿಂದ ಇರುವ ಎಲ್ ರಿಂಕೊನ್ಸಿಯೊ ಬಾರ್‌ಗೆ ಹೋಗಿ, ಮೇಜಿಗೆ ಕಾಯದೆ ಕೌಂಟರ್ ಬಳಿ ನಿಂತೇ ತಿನ್ನಿ. ನೀವು ತಿಂದದ್ದನ್ನೆಲ್ಲ ಸೀಮೆಸುಣ್ಣದಲ್ಲಿ ನಿಮ್ಮೆದುರಿಗೇ ಮರದ ಹಲಗೆಯ ಮೇಲೆ ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ‘ಲಾ ಕ್ವೆಂತಾ’ ಅನ್ನಿ, ಕೂಡಿ ಹೇಳುತ್ತಾರೆ. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟು ಬಂದರೆ ಸಾಕು.